ಮುಸ್‌ಹಫ್, ಅಚ್ಚುಮೊಳೆ ಮತ್ತು ಕಾತಿಬರ ಲೇಖನಿ

ಕಳೆದ ರಮದಾನ್ ತಿಂಗಳ ಒಂದು ಸಂಜೆ, ಅಸರ್ ನಮಾಝಿನ ಬಳಿಕ ನಮ್ಮ ಮಸೀದಿಯಲ್ಲಿ ಸಣ್ಣದೊಂದು ಚರ್ಚೆ ನಡೆಯಿತು. ಯುವಕನೊಬ್ಬ ಕಂಬಕ್ಕೆ ಒರಗಿ ಮೊಬೈಲ್‌ನಲ್ಲಿ ಕುರ್‌ಆನ್ ಪಾರಾಯಣ ಮಾಡುತ್ತಿದ್ದ. ಹಿರಿಯರೊಬ್ಬರು, “ಕಪಾಟು ತುಂಬ ಮುಸ್‌ಹಫ್‌ಗಳಿರುವಾಗ ಇದೇಕೆ ಮಗಾ?” ಎಂದು ಕೇಳಿದರು. ಯುವಕ ಉತ್ತರಿಸುವ ಮೊದಲೇ ಅವನ ಗೆಳೆಯ ಮಾತನ್ನು ಎತ್ತಿಕೊಂಡ: “ಅಜ್ಜಾ, ಉಲಮಾಗಳು ಮುನ್ನೂರು ವರ್ಷ ಅಚ್ಚುಯಂತ್ರವನ್ನು ಹರಾಮ್ ಎಂದು ತಡೆದದ್ದಕ್ಕೇ ನಮ್ಮ ಸಮುದಾಯ ಹಿಂದೆ ಬಿದ್ದಿದೆ. ಈಗ ಮೊಬೈಲನ್ನೂ ತಡೆಯಬೇಡಿ.” ಹಿರಿಯರ ಮುಖ ಬಾಡಿತು. ಎಲ್ಲರೂ ನಮ್ಮತ್ತ ನೋಡಿದರು. ಇಫ್ತಾರಿನ ಸಮಯ ಸಮೀಪಿಸಿದ್ದರಿಂದ ಅಂದು ನಾವು ಅರ್ಧ ಉತ್ತರವನ್ನಷ್ಟೇ ಕೊಟ್ಟೆವು. ಉಳಿದರ್ಧ ಈ ಲೇಖನ.

ಆ ಯುವಕ ಹೇಳಿದ ಮಾತು ಅವನೊಬ್ಬನದಲ್ಲ. ಭಾಷಣಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಇದಕ್ಕೆ ಎದುರಾಗಿ, ಜಗತ್ತಿನ ಎಲ್ಲ ಯಂತ್ರಗಳನ್ನೂ ನಮ್ಮ ಪೂರ್ವಜರೇ ಕಂಡುಹಿಡಿದರೆಂಬ ಜಂಬದ ಮಾತೂ ಇದೆ. ಒಂದು ನಮ್ಮ ಹಿರಿಯರನ್ನು ಹಳಿಯುತ್ತದೆ, ಇನ್ನೊಂದು ನಮ್ಮನ್ನು ಮೈಮರೆಸುತ್ತದೆ. ಇವೆರಡನ್ನೂ ಬದಿಗಿಟ್ಟು ನಡೆದದ್ದೇನೆಂದು ನೋಡೋಣ.

ಹೊಸತರ ಮುಂದೆ ಹಿಂಜರಿಯುವುದು ಮೂರ್ಖತನದ ಲಕ್ಷಣವೇನಲ್ಲ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠಿಗಳು ಹಲವರು ಹುತಾತ್ಮರಾದಾಗ, ಕುರ್‌ಆನನ್ನು ಒಂದೆಡೆ ಸಂಗ್ರಹಿಸಬೇಕೆಂದು ಸಲಹೆ ಕೊಟ್ಟವರು ಉಮರ್(ರ). ಪ್ರವಾದಿವರ್ಯರು(ಸ) ಮಾಡದ ಕೆಲಸವನ್ನು ತಾನು ಮಾಡುವುದು ಹೇಗೆಂದು ಖಲೀಫಾ ಅಬೂಬಕ್ರ್(ರ) ಹಿಂಜರಿದರು. ಆ ಹೊಣೆ ಹೊತ್ತ ಝೈದ್ ಬಿನ್ ಸಾಬಿತ್(ರ)ರಿಗೆ ಬೆಟ್ಟವೊಂದನ್ನು ಸರಿಸುವುದೂ ಅದಕ್ಕಿಂತ ಹಗುರವೆನಿಸಿತು. ಆದರೂ ಕೆಲಸ ನಡೆಯಿತು. ನಡೆದ ಬಗೆಯನ್ನು ಗಮನಿಸಬೇಕು: ಝೈದ್(ರ) ಸ್ವತಃ ಹಾಫಿಝರಾಗಿದ್ದರೂ ತಮ್ಮ ನೆನಪೊಂದನ್ನೇ ನೆಚ್ಚಿಕೊಳ್ಳಲಿಲ್ಲ; ಬರೆದಿಟ್ಟ ತುಣುಕುಗಳನ್ನೂ ಜನರ ಕಂಠಪಾಠವನ್ನೂ ಹುಡುಕಿ ಒಟ್ಟುಗೂಡಿಸಿದರು. ಅಕ್ಷರಗಳಿಗೆ ಚುಕ್ಕೆ ಇಡುವ ವಿಷಯದಲ್ಲಿಯೂ ಹೀಗೆಯೇ ಆಯಿತು. ಅಬುಲ್ ಅಸ್ವದ್ ಅದ್ದುಅಲಿ ಸ್ವರಗಳನ್ನು ಸೂಚಿಸಲು ಬಣ್ಣದ ಚುಕ್ಕೆಗಳನ್ನು ಬಳಕೆಗೆ ತಂದರೆಂಬುದು ಪ್ರಸಿದ್ಧ. ಮುಸ್‌ಹಫಿನಲ್ಲಿ ಇಂತಹ ಗುರುತು ಸೇರಿಸುವುದನ್ನು ಇಷ್ಟಪಡದವರು ಆರಂಭದ ವಿದ್ವಾಂಸರಲ್ಲಿದ್ದರು. ಇಂದು ಆ ಗುರುತುಗಳಿಲ್ಲದೆ ನಮ್ಮ ಮದ್ರಸದ ಒಂದು ಮಗುವೂ ಒಂದು ಸಾಲನ್ನು ಓದಲಾರದು.

ಇನ್ನು ಕಾಗದದ ಮಾತು. 8ನೇ ಶತಮಾನದಲ್ಲಿ ಸಮರ್ಕಂದಿನ ಮೂಲಕ ಕಾಗದ ತಯಾರಿಕೆ ಮುಸ್ಲಿಮ್ ಜಗತ್ತಿಗೆ ಬಂತು. ಆ ಶತಮಾನ ಮುಗಿಯುವ ಹೊತ್ತಿಗೆ, ಹಾರೂನ್ ರಶೀದರ ಕಾಲದ ಬಗ್ದಾದಿನಲ್ಲಿ ಕಾಗದ ತಯಾರಾಗುತ್ತಿತ್ತು. ಚರ್ಮದ ಹಾಳೆಗೆ ಕುರಿ-ಮೇಕೆಗಳು ಬೇಕು. ಕಾಗದಕ್ಕೆ ಹಳೆಯ ಚಿಂದಿ ಬಟ್ಟೆ ಸಾಕು. ಹೊಸ ವಸ್ತುವಿನ ಜೊತೆಗೆ ಹೊಸ ಕಸುಬೂ ಹುಟ್ಟಿತು. ಕಾಗದ ಮಾರುವವರು, ಗ್ರಂಥಗಳ ಪ್ರತಿ ಮಾಡುವವರು, ರಟ್ಟು ಕಟ್ಟುವವರು, ಪುಸ್ತಕ ವ್ಯಾಪಾರಿಗಳು ಇವರೆಲ್ಲ ‘ವರ್ರಾಕ್’ ಎನಿಸಿಕೊಂಡರು. ಅವರದೇ ಪೇಟೆಯೊಂದು ಬಗ್ದಾದಿನಲ್ಲಿತ್ತು. 10ನೇ ಶತಮಾನದಲ್ಲಿ ತನಗೆ ತಿಳಿದಿದ್ದ ಎಲ್ಲ ಅರಬೀ ಗ್ರಂಥಗಳ ಪಟ್ಟಿಯನ್ನು ‘ಅಲ್ ಫಿಹ್ರಿಸ್ತ್’ ಎಂಬ ಹೆಸರಿನಲ್ಲಿ ಸಿದ್ಧಪಡಿಸಿದ ಇಬ್ನು ನದೀಮ್ ಕೂಡ ಒಬ್ಬ ವರ್ರಾಕ್. ಲೇಖನಿ ಹಿಡಿದ ಕೈಗಳು ಅಲ್ಲಿಂದ ಸಾವಿರ ವರ್ಷ ನಮ್ಮ ವಿದ್ಯೆಯನ್ನು ಹೊತ್ತು ನಡೆದವು.

ಮುದ್ರಣವೆಂಬುದು ಮುಸ್ಲಿಮ್ ಜಗತ್ತಿಗೆ ತೀರಾ ಅಪರಿಚಿತವೂ ಆಗಿರಲಿಲ್ಲ. 10ನೇ ಶತಮಾನದಿಂದೀಚೆಗೆ ಈಜಿಪ್ಟಿನಂಥ ಕಡೆ ಅಚ್ಚೊತ್ತಿದ ತಾಯಿತದ ಕಾಗದಗಳು ಬಳಕೆಯಲ್ಲಿದ್ದವು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆಗಳಿಂದ ಮುದ್ರಿಸಿದ್ದು ಅದಕ್ಕಿಂತ ಬಹಳ ತಡವಾಗಿ, 1450ರ ದಶಕದಲ್ಲಿ. ಆದರೆ ತಾಯಿತ ಅಚ್ಚು ಮಾಡಿದ ಈ ಕೈಚಳಕ ಗ್ರಂಥ ಮುದ್ರಣವಾಗಿ ಬೆಳೆಯಲಿಲ್ಲ.

ಹಾಗಾದರೆ ಉಸ್ಮಾನೀ ಸಾಮ್ರಾಜ್ಯದಲ್ಲಿ ನಡೆದದ್ದೇನು? 1485ರಲ್ಲಿ ಸುಲ್ತಾನ್ ಎರಡನೆಯ ಬಾಯಝೀದ್, 1515ರಲ್ಲಿ ಸುಲ್ತಾನ್ ಸಲೀಮ್ ಮುದ್ರಣವನ್ನು ನಿಷೇಧಿಸಿದರೆಂದು ಬಹಳಷ್ಟು ಪುಸ್ತಕಗಳು ಹೇಳುತ್ತವೆ. ಈ ಮಾತು ಬಂದದ್ದು ಯುರೋಪಿನ ಪ್ರವಾಸಿಗರ ಬರಹಗಳಿಂದ. ಅಂತಹ ಫರ್ಮಾನುಗಳ ಮೂಲ ಪ್ರತಿ ಇತಿಹಾಸಕಾರರಿಗೆ ದೊರೆತಿಲ್ಲ. ಸ್ಪೇನಿನಿಂದ ಹೊರದಬ್ಬಲ್ಪಟ್ಟ ಯಹೂದಿಗಳು ಇಸ್ತಾಂಬುಲಿನಲ್ಲಿ 1493ರಲ್ಲೇ ಹೀಬ್ರೂ ಗ್ರಂಥ ಮುದ್ರಿಸಿದರು. 1567ರಲ್ಲಿ ಅರ್ಮೇನಿಯನ್ನರ, 1627ರಲ್ಲಿ ಗ್ರೀಕರ ಅಚ್ಚುಕೂಟಗಳು ಅಲ್ಲಿಯೇ ತೆರೆದವು. 1588ರಲ್ಲಿ ಸುಲ್ತಾನ್ ಮೂರನೆಯ ಮುರಾದ್, ಅರಬೀ ಲಿಪಿಯ ಮುದ್ರಿತ ಗ್ರಂಥಗಳನ್ನು ತರುವ ಯುರೋಪಿನ ವ್ಯಾಪಾರಿಗಳಿಗೆ ಯಾರೂ ತೊಂದರೆ ಕೊಡಬಾರದೆಂದು ಫರ್ಮಾನು ಹೊರಡಿಸಿದರು. ಯಂತ್ರವೇ ಹರಾಮ್ ಆಗಿದ್ದರೆ ಇವೆಲ್ಲ ನಡೆಯಲು ಸಾಧ್ಯವಿತ್ತೇ?

ಮುಸ್ಲಿಮರ ಹಿಂಜರಿಕೆಗೆ ಕಾರಣಗಳಿದ್ದವು. ಅರಬೀ ಅಕ್ಷರಗಳು ಕೈಕೈ ಹಿಡಿದು ನಡೆಯುತ್ತವೆ. ಪದದ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಒಂದೇ ಅಕ್ಷರ ಬೇರೆ ಬೇರೆ ರೂಪ ತಳೆಯುತ್ತದೆ. ಆದ್ದರಿಂದ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಬೇಕು. ಅರ್ಧಂಬರ್ಧ ತಿಳಿದವರು ಈ ಕೆಲಸಕ್ಕೆ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವೆನಿಸ್ ಸಾಕ್ಷಿಯಾಗಿದೆ. 1537-38ರ ಸುಮಾರಿಗೆ ಅಲ್ಲಿಯ ಪಗಾನಿನಿ ಕುಟುಂಬದವರು ವ್ಯಾಪಾರದ ಆಸೆಯಿಂದ ಕುರ್‌ಆನ್ ಮುದ್ರಿಸಿದರು. ಅದರ ತುಂಬ ತಪ್ಪುಗಳು; ದಾಲ್-ಝಾಲ್‌ಗಳ ವ್ಯತ್ಯಾಸವೂ ಉಳಿಯಲಿಲ್ಲ. ಆ ಮುದ್ರಣ ಬಹುತೇಕ ಕಣ್ಮರೆಯಾಗಿ, 1987ರಲ್ಲಷ್ಟೇ ಅದರ ಒಂದು ಪ್ರತಿ ವೆನಿಸಿನ ಕ್ರೈಸ್ತ ಮಠದ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಕೈಬರಹದಲ್ಲಿ ಒಬ್ಬ ಕಾತಿಬ್ ತಪ್ಪಿದರೆ ಒಂದು ಪ್ರತಿ ಕೆಡುತ್ತದೆ. ಅಚ್ಚಿನಲ್ಲಿ ಒಂದು ಮೊಳೆ ತಪ್ಪಿದರೆ ಸಾವಿರ ಪ್ರತಿ ಕೆಡುತ್ತದೆ. ಅಲ್ಲಾಹನ ವಚನದ ವಿಷಯದಲ್ಲಿ ಈ ಭಯ ಸಣ್ಣದೆಂದು ಯಾರು ತಾನೇ ಹೇಳಬಲ್ಲರು? ಪ್ರತಿ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ಸಾವಿರಾರು ಕುಟುಂಬಗಳ ಅನ್ನದ ಪ್ರಶ್ನೆಯೂ ಇದರ ಜೊತೆಗಿತ್ತು.

ಈ ಕಗ್ಗಂಟನ್ನು ಬಿಡಿಸಿದವರು ಇಬ್ರಾಹೀಮ್ ಮುತಫರ್ರಿಕಾ. ಟ್ರಾನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈ ಹಂಗೇರಿಯನ್ ಇಸ್ಲಾಮ್ ಸ್ವೀಕರಿಸಿ ಉಸ್ಮಾನೀ ಸರಕಾರದ ಸೇವೆಯಲ್ಲಿದ್ದರು. 1726ರಲ್ಲಿ ಅವರು ಮುದ್ರಣದ ಹತ್ತು ಪ್ರಯೋಜನಗಳನ್ನು ವಿವರಿಸುವ ಕಿರುಗ್ರಂಥವೊಂದನ್ನು ಬರೆದು ಅಧಿಕಾರಿಗಳಿಗೂ ಉಲಮಾಗಳಿಗೂ ಸಲ್ಲಿಸಿದರು. ಯುದ್ಧಗಳಲ್ಲಿ ನಾಶವಾದ ನಮ್ಮ ಗ್ರಂಥಗಳನ್ನು ನೆನಪಿಸಿ, ಪ್ರತಿಗಳು ಹೆಚ್ಚಿದರೆ ವಿದ್ಯೆ ಉಳಿಯುತ್ತದೆ, ಬೆಲೆ ಇಳಿದರೆ ಬಡ ವಿದ್ಯಾರ್ಥಿಯ ಕೈಗೂ ಗ್ರಂಥ ಸಿಗುತ್ತದೆ ಎಂದು ವಾದಿಸಿದರು. ಶೈಖುಲ್ ಇಸ್ಲಾಮ್ ಅಬ್ದುಲ್ಲಾ ಅಫಂದಿಯವರಿಗೆ ಪ್ರಶ್ನೆ ಹೋಯಿತು. ಅವರು ತಡೆಯಲಿಲ್ಲ. ನಿಘಂಟು, ತರ್ಕ, ಖಗೋಳದಂತಹ ಗ್ರಂಥಗಳನ್ನು ಬಲ್ಲವರು ಮುದ್ರಿಸುವುದು ಮೆಚ್ಚತಕ್ಕ ಕೆಲಸವೆಂದು ಫತ್ವಾ ಕೊಟ್ಟರು; ಆದರೆ ಕರಡು ತಿದ್ದಲು ವಿದ್ವಾಂಸರನ್ನು ನೇಮಿಸಬೇಕೆಂಬ ಷರತ್ತನ್ನೂ ಸೇರಿಸಿದರು. 1727ರಲ್ಲಿ ಸುಲ್ತಾನ್ ಮೂರನೆಯ ಅಹ್ಮದ್ ಫರ್ಮಾನು ಹೊರಡಿಸಿದರು. ಖಾಝಿಗಳಾಗಿದ್ದ ವಿದ್ವಾಂಸರು ಕರಡು ತಿದ್ದುವ ಕೆಲಸಕ್ಕೆ ನೇಮಕಗೊಂಡರು. ತಫ್ಸೀರ್, ಹದೀಸ್, ಫಿಕ್‌ಹ್ ಗ್ರಂಥಗಳನ್ನು ಅನುಮತಿಯಿಂದ ಹೊರಗಿಟ್ಟದ್ದರಿಂದ ಕಾತಿಬರ ಮುಖ್ಯ ಕಸುಬೂ ಅಂದಿಗೆ ಉಳಿಯಿತು.

ಮುತಫರ್ರಿಕಾ ತಮ್ಮ ಮನೆಯಲ್ಲಿಯೇ ಅಚ್ಚುಕೂಟ ಸ್ಥಾಪಿಸಿದರು. 1729ರಲ್ಲಿ ‘ವಾನ್‌ಕುಲಿ’ ನಿಘಂಟು ಎರಡು ಸಂಪುಟಗಳಲ್ಲಿ ಹೊರಬಂತು. ಮರುವರ್ಷ ಇಸ್ತಾಂಬುಲಿನಲ್ಲಿ ದಂಗೆಯೆದ್ದು ಪ್ರಧಾನ ವಝೀರರ ಕೊಲೆಯಾಯಿತು, ಸುಲ್ತಾನರು ಸಿಂಹಾಸನ ಕಳೆದುಕೊಂಡರು. ಆದರೆ ಅಚ್ಚುಕೂಟ ಉಳಿಯಿತು, ಹೊಸ ಸುಲ್ತಾನರ ಕಾಲದಲ್ಲೂ ನಡೆಯಿತು. ಮುತಫರ್ರಿಕಾ ಒಟ್ಟು 17 ಕೃತಿಗಳನ್ನು ಮುದ್ರಿಸಿದರು. ಅವರು ತೀರಿಕೊಂಡಾಗ ಮಾರಾಟವಾಗದೆ ಉಳಿದ ಪ್ರತಿಗಳು ಮನೆಯಲ್ಲಿದ್ದವು. ಅಂದರೆ ತಡೆದದ್ದು ಉಲಮಾಗಳ ಬೆತ್ತವಷ್ಟೇ ಅಲ್ಲ. ಓದುಗರ ಕೊರತೆ, ಬಂಡವಾಳದ ಕೊರತೆ, ಹಳೆಯ ರೂಢಿಯ ಬಲ ಇವೂ ಸೇರಿದ್ದವು. ಹಾಗೆಂದು ಅಂದಿನವರದು ಏನೂ ತಪ್ಪಿಲ್ಲವೆಂದು ನಾವು ಹೇಳಲಾರೆವು. ಫತ್ವಾದ ಬಳಿಕವೂ ಇಸ್ತಾಂಬುಲಿನಲ್ಲಿ ಕುರ್‌ಆನ್ ಅಚ್ಚಾಗಲು 1870ರ ದಶಕದವರೆಗೆ ಕಾಯಬೇಕಾಯಿತು. ಎಚ್ಚರಿಕೆಯಾಗಿ ಆರಂಭವಾದದ್ದು ಆಲಸ್ಯವಾಗಿ ಮುಂದುವರಿಯಿತು. ಆ ದೀರ್ಘ ವಿಳಂಬದಲ್ಲಿ ಎಷ್ಟೋ ಬಡ ಮಕ್ಕಳ ಕೈಗೆ ಗ್ರಂಥ ಸೇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮಗಿರಬೇಕು.

ಹಿಂಜರಿಕೆಯನ್ನು ಕೊನೆಗೂ ಕರಗಿಸಿದ್ದರಲ್ಲಿ ದೊಡ್ಡ ಪಾಲು ಕಲ್ಲಚ್ಚಿನದು. 18ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಹುಟ್ಟಿದ ಈ ವಿಧಾನದಲ್ಲಿ ಮೊಳೆ ಜೋಡಿಸಬೇಕಾಗಿಲ್ಲ. ಕಾತಿಬ್ ಬರೆದ ಅಕ್ಷರವೇ ಕಲ್ಲಿಗಿಳಿದು ಕಾಗದಕ್ಕೆ ಬರುತ್ತದೆ. ಅಕ್ಷರದ ಚೆಲುವು ಕೆಡಲಿಲ್ಲ, ಕಾತಿಬರ ಅನ್ನವೂ ಹೋಗಲಿಲ್ಲ. ಬದಲಿಗೆ ಅವರಿಗೆ ಬೇಡಿಕೆ ಹೆಚ್ಚಿತು. ಲಕ್ನೋದಲ್ಲಿ 1858ರಲ್ಲಿ ಅಚ್ಚುಕೂಟ ತೆರೆದ ಮುನ್ಶಿ ನವಲ್ ಕಿಶೋರ್ ಹಿಂದೂ ಧರ್ಮೀಯರು. ಕುರ್‌ಆನಿನ ಪ್ರತಿಗಳೂ ಅರಬೀ, ಫಾರ್ಸೀ, ಉರ್ದೂ ಗ್ರಂಥಗಳೂ ಅಲ್ಲಿಂದ ದೇಶದಾದ್ಯಂತ ಹರಡಿದವು. ಮುಸ್ಲಿಮ್ ವಿದ್ವಾಂಸರೂ ಕಾತಿಬರೂ ಅಲ್ಲಿ ದುಡಿದರು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1843ರಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಬಂತು. ಕರಾವಳಿಯ ಮದ್ರಸಗಳಲ್ಲಿ ನಮ್ಮ ಅಜ್ಜಂದಿರು ಓದಿದ ಅರಬೀ-ಮಲಯಾಳಂ ಕಿತಾಬುಗಳು ತಲಶ್ಶೇರಿ, ಪೊನ್ನಾನಿಗಳ ಅಚ್ಚುಕೂಟಗಳಲ್ಲಿ ಮುದ್ರಣಗೊಂಡವು. ಮುಂದೆ 1924ರಲ್ಲಿ ಕೈರೋದಲ್ಲಿ ವಿದ್ವಾಂಸರ ಸಮಿತಿಯೊಂದು ಅಕ್ಷರ ಅಕ್ಷರವನ್ನೂ ಪರಿಶೀಲಿಸಿ ಮುಸ್‌ಹಫ್ ಮುದ್ರಿಸಿತು. ಅಚ್ಚಿನ ಬಗ್ಗೆ ಉಳಿದಿದ್ದ ಅಳುಕನ್ನು ನೀಗಿಸುವಲ್ಲಿ ಅದು ಬಹಳ ನೆರವಾಯಿತು. ಇಂದು ಹಾಜಿಗಳು ಮದೀನಾದಿಂದ ತರುವ ಮುಸ್‌ಹಫಿನ ಅಕ್ಷರಗಳೂ ಮೂಲತಃ ಕೈಬರಹ. ಸಿರಿಯಾದ ಉಸ್ಮಾನ್ ತಾಹಾ ಎಂಬ ಕಾತಿಬರದು.

ಆದರೆ ಎಲ್ಲ ಕಾತಿಬರ ಕಥೆ ಹೀಗೆ ಸುಖವಾಗಿ ಮುಗಿಯಲಿಲ್ಲ. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ನಸ್ತಲೀಕ್ ಲಿಪಿಯನ್ನು ಕಂಪ್ಯೂಟರಿನಿಂದ ಜೋಡಿಸಲಾರಂಭಿಸಿತು. ಮುಂದಿನ ಎರಡು ದಶಕಗಳಲ್ಲಿ ಆ ತಂತ್ರ ಎಲ್ಲ ಕಡೆ ಹರಡಿತು. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ ಉರ್ದೂ ದಿನಪತ್ರಿಕೆ ‘ದಿ ಮುಸಲ್ಮಾನ್’ ಆ ಬಳಿಕವೂ ಕೈಬರಹವನ್ನು ಬಿಡಲಿಲ್ಲ. ಆದರೆ ಅಂತಹವು ವಿರಳ. ನಮಗೆ ಉರ್ದೂ ಅಕ್ಷರ ತಿದ್ದಿಸಿದ ಉಸ್ತಾದರು ಯೌವನದಲ್ಲಿ ಅಚ್ಚುಕೂಟವೊಂದರ ಕಾತಿಬರಾಗಿದ್ದರು. ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಅವರ ಮೇಜಿನ ಮೇಲೆ ಕಂಪ್ಯೂಟರ್ ಇತ್ತಂತೆ. “ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ವರ್ಷ ದುಡಿದವನಿಗೆ ಒಂದು ತಿಂಗಳ ಮೊದಲು ಹೇಳಿದ್ದರೆ ಸಾಕಿತ್ತು” ಎಂದು ಅವರು ನಮ್ಮೊಡನೆ ಒಮ್ಮೆ ಹೇಳಿದ್ದರು. ಆಗ ನಮಗೆ ಹದಿನೇಳು ವರ್ಷ. ಆ ಮಾತಿನ ತೂಕ ನಮಗೆ ತಿಳಿದದ್ದು ಬಹಳ ತಡವಾಗಿ.

ಅಂದು ಮಸೀದಿಯಲ್ಲಿ ಉಳಿದುಹೋದ ಉತ್ತರವನ್ನು ಈಗ ಪೂರ್ತಿ ಮಾಡಬಹುದು. ಹೊಸ ಉಪಕರಣ ಬಂದಾಗ ನಮ್ಮ ಹಿರಿಯರು ಕೇಳಿದ ಪ್ರಶ್ನೆಗಳಲ್ಲಿ ಎರಡು ಇಂದಿಗೂ ಜೀವಂತವಾಗಿವೆ. ಮೊದಲನೆಯದು: ಇದರಲ್ಲಿ ಬರುವುದನ್ನು ತಿದ್ದಿ ನೋಡಿದವರು ಯಾರು? ಅಬ್ದುಲ್ಲಾ ಅಫಂದಿಯವರ ಷರತ್ತು ಇದೇ. ಮೊಬೈಲ್‌ನಲ್ಲಿ ಕುರ್‌ಆನ್ ಓದಲು ಅಡ್ಡಿಯಿಲ್ಲ. ಆದರೆ ಆ ಆ್ಯಪ್ ಸಿದ್ಧಪಡಿಸಿದವರು ಯಾರು, ಪಠ್ಯವನ್ನು ಪರಿಶೀಲಿಸಿದವರು ಯಾರು ಎಂದು ನೋಡಬೇಡವೇ? ಇತ್ತೀಚೆಗೆ ವಿದ್ಯಾರ್ಥಿಯೊಬ್ಬ ಕೃತಕ ಬುದ್ಧಿಮತ್ತೆಯಿಂದ ಒಂದು ಹದೀಸನ್ನು ಬರೆಸಿ ತಂದಿದ್ದ. ಗ್ರಂಥದ ಹೆಸರು, ಹದೀಸಿನ ಸಂಖ್ಯೆ ಎಲ್ಲವೂ ಇದ್ದವು. ಮೂಲವನ್ನು ತೆರೆದು ನೋಡಿದರೆ ಆ ಸಂಖ್ಯೆಯಲ್ಲಿದ್ದುದು ಬೇರೆಯೇ ಹದೀಸ್. ಗದರುವುದನ್ನು ಬಿಟ್ಟು ಝೈದ್(ರ)ರ ಕಥೆಯನ್ನು ಅವನಿಗೆ ಹೇಳಿದೆವು. ಕುರ್‌ಆನ್ ಕಂಠಪಾಠವಿದ್ದವರೇ ತಮ್ಮ ನೆನಪೊಂದನ್ನು ನೆಚ್ಚದಿದ್ದಾಗ, ಹೊಣೆ ಹೊರಲು ಬಾರದ ಯಂತ್ರವೊಂದರ ಮಾತನ್ನು ನಾವು ಪರಿಶೀಲಿಸದೆ ನಂಬುವುದು ಹೇಗೆ? ಈಗ ಅವನು ಯಂತ್ರ ಕೊಟ್ಟದ್ದನ್ನು ಗ್ರಂಥದೊಂದಿಗೆ ಹೋಲಿಸಿಯೇ ತರಗತಿಗೆ ತರುತ್ತಾನೆ.

ಎರಡನೆಯದು: ಇದರಿಂದ ಯಾರ ಅನ್ನ ಹೋಗುತ್ತದೆ? ನಮ್ಮ ಸಮುದಾಯದಲ್ಲಿ ಅಂಗಡಿ, ಗ್ಯಾರೇಜು, ಅಚ್ಚುಕೂಟ, ಟೈಲರಿಂಗ್ ನಡೆಸುವವರು ಬಹಳ ಮಂದಿ ಇದ್ದಾರೆ. ಹೊಸ ಯಂತ್ರ ತರುವುದು ಅವರ ಹಕ್ಕು, ಕೆಲವೊಮ್ಮೆ ಅನಿವಾರ್ಯ ಕೂಡ. ಆದರೆ ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿವರ್ಯರ(ಸ) ಅನುಯಾಯಿ, ಆಳನ್ನು ಒಂದು ಬೆಳಿಗ್ಗೆ ಬರಿಗೈಯಲ್ಲಿ ಹಿಂದೆ ಕಳುಹಿಸಬಾರದು. ಮೊದಲೇ ತಿಳಿಸಬೇಕು, ಹೊಸ ಕೆಲಸವನ್ನು ಕಲಿಸಲು ಯತ್ನಿಸಬೇಕು, ಆಗದಿದ್ದರೆ ಅವನು ಬೇರೆ ನೆಲೆ ಕಾಣುವವರೆಗೆ ಜೊತೆ ನಿಲ್ಲಬೇಕು.

ಆ ಉಸ್ತಾದರು ಈಗ ವೃದ್ಧರು, ಕೈ ಸ್ವಲ್ಪ ನಡುಗುತ್ತದೆ. ಈ ವರ್ಷದಿಂದ ರವಿವಾರಗಳಂದು ಅವರು ನಮ್ಮ ಮದ್ರಸಕ್ಕೆ ಬಂದು ಮಕ್ಕಳಿಗೆ ಬಿದಿರಿನ ಲೇಖನಿ ಹಿಡಿಯಲು ಕಲಿಸುತ್ತಿದ್ದಾರೆ. ಗೌರವಧನ ಸಣ್ಣದು, ಆದರೆ ತಿಂಗಳ ಮೊದಲ ದಿನವೇ ತಲುಪುತ್ತದೆ. ಮೊಬೈಲ್‌ನಲ್ಲಿ ಪಾರಾಯಣ ಮಾಡುತ್ತಿದ್ದ ಆ ಯುವಕನೂ ಅವರೆದುರು ಕುಳಿತು ‘ಅಲಿಫ್’ ಬರೆಯುತ್ತಿದ್ದಾನೆ. ಅದು ಇನ್ನೂ ನೆಟ್ಟಗೆ ಬರುತ್ತಿಲ್ಲ.

ಮೊದಲ ವಹೀಯಲ್ಲಿಯೇ ಓದನ್ನೂ ಲೇಖನಿಯನ್ನೂ ನೆನಪಿಸಿದ ಅಲ್ಲಾಹನು, ಉಪಯುಕ್ತ ವಿದ್ಯೆಯನ್ನೂ ಅದನ್ನು ಹೊತ್ತವರನ್ನು ಆದರಿಸುವ ಹೃದಯವನ್ನೂ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.