ಹುಟ್ಟು ಸಾವಿನ ಪುಸ್ತಕವನ್ನು ಯಾರು ನೋಡಬಹುದು?

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದುದರಿಂದ ಮುಂಬಯಿಯಲ್ಲಿ ಬೆಳೆದ ಎಷ್ಟೋ ಕನ್ನಡ ಮಕ್ಕಳ ಜನನ ದಾಖಲಾಗಿರುವುದು ಧಾರವಾಡದಲ್ಲೋ ಉಡುಪಿಯಲ್ಲೋ. ತಂದೆಯ ಬಿಡಾರ ಎಲ್ಲಿದ್ದರೂ, ಹೆರಿಗೆಯಾದ ಊರಿನಲ್ಲೇ ನೋಂದಣಿಯಾಗಬೇಕು. ಮುಂದೆ ಆ ದಾಖಲೆ ಬೇಕಾದಾಗ ಪ್ರಶ್ನೆ ಏಳುತ್ತದೆ: ಅದನ್ನು ಕೇಳುವ ಹಕ್ಕು ಯಾರಿಗುಂಟು?

1886ರ ಜನನ, ಮರಣ ಮತ್ತು ವಿವಾಹ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಐಚ್ಛಿಕವಾಗಿತ್ತು. ಅದೂ ಮುಖ್ಯವಾಗಿ ಯುರೋಪಿಯನ್ನರು, ಕ್ರೈಸ್ತರು ಮೊದಲಾದ ಕೆಲವೇ ವರ್ಗಗಳಿಗೆ. ಆದರೂ ಶುಲ್ಕ ಕೊಟ್ಟ ಯಾರಿಗಾದರೂ ಸೂಚಿಯನ್ನು ತೋರಿಸಬೇಕು, ನಕಲು ಕೊಡಬೇಕು ಎಂಬ ಒಳ್ಳೆಯ ಮಾತು ಅದರಲ್ಲಿತ್ತು. ನಮ್ಮ ಹಿರಿಯರಾದರೋ ಹರಿದು ಹಂಚಿಹೋಗಿದ್ದವರು. ಧಾರವಾಡ ಮುಂಬಯಿ ಪ್ರಾಂತಕ್ಕೆ, ಮಂಗಳೂರು ಬಳ್ಳಾರಿ ಮದರಾಸಿಗೆ, ಕಲಬುರ್ಗಿ ನಿಜಾಮರಿಗೆ. ದೇಶಕ್ಕೆಲ್ಲ ಒಂದೇ ಕಡ್ಡಾಯ ಕಾನೂನು ಬಂದದ್ದು 1969ರಲ್ಲಿ.

ಅದರ 17ನೆಯ ಕಲಮನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಯಾವ ವ್ಯಕ್ತಿಯೇ ಆಗಲಿ, ಶುಲ್ಕ ತೆತ್ತು ಪುಸ್ತಕದಲ್ಲಿ ಹುಡುಕಿಸಬಹುದು, ನಕಲು ಪಡೆಯಬಹುದು ಎಂದಿತು ಅದು. ನೆಂಟಸ್ತಿಕೆಯ ಮಾತನ್ನೇ ಎತ್ತಲಿಲ್ಲ. ಮುಚ್ಚಿಟ್ಟದ್ದು ಒಂದನ್ನೇ: ಸಾವಿನ ಕಾರಣವನ್ನು ನಕಲಿನಲ್ಲಿ ಕಾಣಿಸಕೂಡದು. ಇದು ಸಣ್ಣ ಮಾತಲ್ಲ. ತಂದೆ ತೀರಿಕೊಂಡದ್ದು ಕ್ಷಯದಿಂದಲೋ, ಬಾವಿಗೆ ಬಿದ್ದೋ ಎಂಬುದನ್ನು ಗಂಡಿನ ಕಡೆಯವರು ಕಚೇರಿಯಿಂದಲೇ ಬರೆಸಿ ತರುವಂತಿದ್ದರೆ, ಮದುವೆಗೆ ನಿಂತ ಮಗಳ ಗತಿಯೇನು?

1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಇಂಥದೇ ಎಚ್ಚರ ಕಾಣುತ್ತದೆ. ವಿವಾಹದ ರಿಜಿಸ್ಟರು ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು. ವಿಚ್ಛೇದನದ ವಿಚಾರಣೆಯನ್ನಾದರೆ ಪತ್ರಿಕೆಗಳು ಅಚ್ಚುಹಾಕಕೂಡದು. ಉಚ್ಚ ಅಥವಾ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಮಾತ್ರ, ಆ ನ್ಯಾಯಾಲಯದ ಅನುಮತಿ ಪಡೆದು ಪ್ರಕಟಿಸಬಹುದು. ಮೊದಲು ಗಂಡಹೆಂಡಿರಲ್ಲಿ ಒಬ್ಬರು ಕೇಳಿಕೊಂಡರೆ, ಇಲ್ಲವೇ ನ್ಯಾಯಾಧೀಶರಿಗೆ ಸರಿ ಕಂಡರೆ ಬಾಗಿಲು ಮುಚ್ಚುತ್ತಿದ್ದರು. 1976ರ ತಿದ್ದುಪಡಿ ಬಾಗಿಲು ಮುಚ್ಚುವುದನ್ನೇ ನಿಯಮ ಮಾಡಿತು. ನಮಗಂತೂ ಅದು ಸರಿಯೆನಿಸುತ್ತದೆ.

1-10-2023ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರಕಾರಿ ನೌಕರಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಳಬರು ಹಳೆಯ ಪುಸ್ತಕಗಳನ್ನೇ ನಂಬಬೇಕು. ಅವನ್ನು ನಾಶಮಾಡಕೂಡದೆಂದು ನಿಯಮವಿದೆ. ಗೆದ್ದಲಿಗೆ ಅದನ್ನು ಓದಿ ಹೇಳುವವರಿಲ್ಲ. ರಜೆಗೆ ಊರಿಗೆ ಹೋದಾಗ ನಕಲು ಪಡೆದು ಬನ್ನಿ. ಮಗುವಿನ ಹೆಸರು ಸಿಗದಿದ್ದರೆ ಕೈಬಿಡಬೇಡಿ; ನಾಮಕರಣಕ್ಕೆ ಮುಂಚೆಯೇ ಬರೆಸಿದ್ದರೆ ಅಲ್ಲಿ 'ಗಂಡು' ಅಥವಾ 'ಹೆಣ್ಣು' ಎಂದಷ್ಟೇ ಇದ್ದೀತು. ತಂದೆಯ ಹೆಸರು, ತಾರೀಖು ಹೇಳಿ ಹುಡುಕಿಸಿ.