ಸಿಖ್ಖರ ಈಶ್ವರಭಾವನೆಯ ವಿಕಾಸ

ದಾವಣಗೆರೆಯ ಎಸ್.ಎಸ್. ಬಡಾವಣೆಗೆ ಬಹು ದೂರವಲ್ಲದ ಹರಿಹರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅದರ ಗರ್ಭಗೃಹದ ಮೂರ್ತಿಯು ಬಲಭಾಗದಲ್ಲಿ ಹರನೂ ಎಡಭಾಗದಲ್ಲಿ ಹರಿಯೂ ಆಗಿ, ಎರಡು ಪಂಥಗಳ ವಿವಾದಕ್ಕೆ ಶಿಲ್ಪಿಯು ಕಲ್ಲಿನಲ್ಲಿ ಬರೆದ ತೀರ್ಪಿನಂತೆ ನಿಂತಿದೆ. ಇಂತಹ ಸಮನ್ವಯವನ್ನು ಕಂಡು ಬೆಳೆದ ನಮ್ಮ ಸೀಮೆಯವರು ಸಿಖ್ ಮತದ ಪ್ರಸ್ತಾಪ ಬಂದಾಗಲೂ ಅದೇ ಅಳತೆಯನ್ನು ಹಿಡಿದು, ಹಿಂದೂ ಭಕ್ತಿಯ ಒಂದು ಪಾಲನ್ನೂ ಇಸ್ಲಾಮಿನ ಏಕೇಶ್ವರವಾದದ ಮತ್ತೊಂದು ಪಾಲನ್ನೂ ಹೊಂದಿಸಿ ಅದನ್ನು ಕಟ್ಟಲಾಯಿತೆಂದು ನಿರ್ಣಯಿಸಿಬಿಡುವುದುಂಟು. ಈ ನಿರ್ಣಯವು ಸುಲಭವಾದುದು. ಸರಿಯಾದುದಲ್ಲವೆಂದು ನನ್ನ ಎಣಿಕೆ. ಎರಡನ್ನು ಕೂಡಿಸಿ ಒಂದು ಮಾಡುವುದು ಬೇರೆ, ಒಂದೇ ಇದೆಯೆಂದು ಮೊದಲಿನಿಂದಲೇ ಕಂಡು ಉಳಿದ ಎಣಿಕೆಗಳನ್ನೆಲ್ಲ ಬಿಡುವುದು ಬೇರೆ.

ನಾನಕರು 1469ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ತಲ್ವಂಡಿಯಲ್ಲಿ ಜನಿಸಿ, 1539ರಲ್ಲಿ ರಾವೀ ನದಿಯ ತೀರದ ಕರ್ತಾರಪುರದಲ್ಲಿ ದೇಹವಿಟ್ಟರು. ನಮ್ಮ ಪುರಂದರದಾಸರಿಗೆ ಅವರು ಸಮಕಾಲೀನರು. ದಾಸರಂತೆಯೇ ಅವರೂ ಹಾಡಿನ ಮೂಲಕವೇ ಬೋಧಿಸಿದರು, ಅವರ ಹಾಡಿಗೆ ಮರ್ದಾನನೆಂಬ ಮುಸಲ್ಮಾನ ಸಂಗಡಿಗನು ರಬಾಬು ನುಡಿಸುತ್ತಿದ್ದನು. ಆದರೆ ದಾಸರ ವಿಠಲನಿಗೆ ಇಟ್ಟಿಗೆಯ ಮೇಲೆ ನಿಂತ ರೂಪವುಂಟು. ನಾನಕರ ದೇವರಿಗೆ ಅದಿಲ್ಲ. ಕಾಲಕ್ಕೂ ಜನನಮರಣಗಳಿಗೂ ಹೊರತಾಗಿ, ತನ್ನಿಂದ ತಾನೇ ಇರುವ, ಯಾರಿಗೂ ಅಂಜದ ಮತ್ತು ಯಾರನ್ನೂ ದ್ವೇಷಿಸದ ಸೃಷ್ಟಿಕರ್ತನು ಆತನು. ಹುಟ್ಟೇ ಇಲ್ಲದವನಿಗೆ ಅವತಾರವಿರಲಾರದೆಂಬುದೂ, ಎಲ್ಲೆಡೆಯೂ ತುಂಬಿರುವವನಿಗೆ ದಿಕ್ಕಿನ ನಿಯಮವಿರಲಾರದೆಂಬುದೂ ಇದರಿಂದ ತಾನಾಗಿಯೇ ಸಿದ್ಧಿಸುತ್ತವೆ. ಸಕಲ ಜಗತ್ತು ನಡೆಯುವುದು ಆತನ ಆಜ್ಞೆಯಿಂದ, ಅಂದರೆ ಹುಕುಮಿನಿಂದ. ಮನುಷ್ಯನ ಸಾಧನೆಯೆಂದರೆ ಆ ಹುಕುಮನ್ನರಿತು, ಅಹಂಕಾರವನ್ನು ಕರಗಿಸಿ, ಅವನ ನಾಮದಲ್ಲಿ ನೆಲೆಸುವುದು. ಇದಕ್ಕಾಗಿ ಸಂಸಾರವನ್ನು ಬಿಡಬೇಕಾದುದಿಲ್ಲ. ನಾನಕರು ತಮ್ಮ ಕಡೆಯ ವರ್ಷಗಳಲ್ಲಿ ಕರ್ತಾರಪುರದಲ್ಲಿ ಗೃಹಸ್ಥರಾಗಿ ಹೊಲವನ್ನುತ್ತರು. ರಾಮ, ಹರಿ, ಗೋವಿಂದ, ಅಲ್ಲಾಹ್ ಎಂಬ ಹೆಸರುಗಳೆಲ್ಲ ಅವರ ಪದಗಳಲ್ಲಿ ಬರುತ್ತವೆಂಬುದನ್ನೇ ಹಿಡಿದು ಮಿಶ್ರಣವಾದವನ್ನು ಹೂಡುವವರು, ಆ ಹೆಸರುಗಳ ಹಿಂದಿನ ಪುರಾಣವನ್ನೂ ಶಾಸ್ತ್ರವನ್ನೂ ನಾನಕರು ಒಟ್ಟಿಗೆ ಒಯ್ಯಲಿಲ್ಲವೆಂಬುದನ್ನು ಮರೆಯುತ್ತಾರೆ.

ದಕ್ಷಿಣದೇಶದ ಸಂಚಾರದಲ್ಲಿ ಅವರು ಬೀದರಕ್ಕೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಅಲ್ಲಿನ ಮುರಕಲ್ಲಿನ ಗುಡ್ಡದಿಂದ ಬುಗ್ಗೆಯು ಹರಿಯುವಂತೆ ಮಾಡಿದರೆಂದೂ ಸಂಪ್ರದಾಯವು ಹೇಳುತ್ತದೆ. ಇಂದಿನ ಗುರುನಾನಕ ಝೀರಾ ಗುರುದ್ವಾರವು ಆ ಬುಗ್ಗೆಯ ಬಳಿಯಲ್ಲಿದೆ. ಅದೇ ಜಿಲ್ಲೆಯ ಕಲ್ಯಾಣದಲ್ಲಿ, ನಾನಕರಿಗೆ ಮುನ್ನೂರು ವರ್ಷಗಳಿಗೂ ಹಿಂದೆ, ಬಸವಣ್ಣನವರು ಸ್ಥಾವರ ದೇವಾಲಯವನ್ನು ಬಿಟ್ಟು ಮನುಷ್ಯದೇಹವನ್ನೇ ದೇಗುಲವೆಂದು ಸಾರಿದ್ದರು. ಕಾಯಕಕ್ಕೂ ದಾಸೋಹಕ್ಕೂ ಸಿಖ್ಖರ ಪ್ರಾಮಾಣಿಕ ದುಡಿಮೆಗೂ ಹಂಚಿ ಉಣ್ಣುವ ನಿಯಮಕ್ಕೂ ಇರುವ ಸಾಮ್ಯವು ಯಾರಿಗಾದರೂ ತೋರುವಂತಹುದು. ಆದರೂ ಶರಣರು ಗುಡಿಯನ್ನು ಬಿಟ್ಟರೂ ಅಂಗೈಯಲ್ಲಿ ಇಷ್ಟಲಿಂಗವನ್ನು ಉಳಿಸಿಕೊಂಡರು, ನಾನಕರು ಅಂಗೈಯನ್ನೂ ಬರಿದಾಗಿಟ್ಟರು. ಅಲ್ಲಿಂದಲೇ ಅವರ ಅನುಯಾಯಿಗಳಿಗೆ ಎರಡು ಶತಮಾನಗಳ ಕಾಲ ಉತ್ತರ ಹುಡುಕಬೇಕಾದ ಪ್ರಶ್ನೆಯು ಹುಟ್ಟಿತು: ಕಾಣುವುದಕ್ಕೂ ಹಿಡಿಯುವುದಕ್ಕೂ ಏನೂ ಇಲ್ಲದ ದೇವರನ್ನು ಒಂದು ಸಮುದಾಯವು ಎಲ್ಲಿ ಕೂಡಿ ಆರಾಧಿಸಬೇಕು?

ಎರಡನೆಯ ಗುರು ಅಂಗದರು ಗುರುಮುಖಿ ಲಿಪಿಯನ್ನು ನೆಲೆಗೊಳಿಸಿದರು. ಮೂರನೆಯವರಾದ ಅಮರದಾಸರು ಲಂಗರೆಂಬ ಸಾಮೂಹಿಕ ಭೋಜನದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಮಾತ್ರ ತಮ್ಮ ದರ್ಶನವೆಂದು ವಿಧಿಸಿ, ಜಾತಿಭೇದವನ್ನು ಊಟದೆಲೆಯ ಮುಂದೆಯೇ ಪರೀಕ್ಷೆಗೆ ಒಡ್ಡಿದರು. ಐದನೆಯ ಗುರು ಅರ್ಜುನರು 1604ರಲ್ಲಿ ಸಂಕಲಿಸಿದ ಆದಿಗ್ರಂಥವು ಈ ಅನ್ವೇಷಣೆಯ ಮಹತ್ತ್ವದ ಘಟ್ಟ, ಮತ್ತು ಕನ್ನಡಿಗರು ವಿಶೇಷವಾಗಿ ಗಮನಿಸತಕ್ಕುದು. ತಮ್ಮ ಗುರುಪರಂಪರೆಯ ಪದಗಳ ಜೊತೆಗೆ ಅವರು ನೇಯ್ಗೆಯ ಕಬೀರ, ಚಮ್ಮಾರ ರವಿದಾಸ, ಸೂಫಿ ಫರೀದ ಮೊದಲಾದವರನ್ನು ಸೇರಿಸಿದರು. ನಮ್ಮ ಹರಿದಾಸರ ಆರಾಧ್ಯನಾದ ಪಂಢರಪುರದ ವಿಠಲನ ಭಕ್ತ, ಸಿಂಪಿಗ ನಾಮದೇವನ ಅರುವತ್ತರಷ್ಟು ಪದಗಳು ಅದರಲ್ಲಿವೆ. ಕ್ಷೌರಿಕ ಸೈನನ ಪದವೊಂದೂ ಅಲ್ಲಿ ಸ್ಥಾನ ಪಡೆದಿದೆ. ಅವನು ಬೀದರದ ಅರಸನ ಸೇವೆಯಲ್ಲಿದ್ದನೆಂಬ ಐತಿಹ್ಯವುಂಟು. ಒಂದು ಮತವು ತನ್ನ ಪರಮ ಪ್ರಮಾಣಗ್ರಂಥದೊಳಗೆ ಹೊರಗಿನವರ ವಾಣಿಯನ್ನು ಇಷ್ಟು ಗೌರವದಿಂದ ಕೂಡಿಸಿಕೊಂಡ ನಿದರ್ಶನವು ವಿರಳ. ಇಲ್ಲಿ ಕೂಡಿರುವುದು ಹಾಡಿದವರು. ಹಾಡಿಸಿಕೊಂಡವನು ಎಂದೂ ಇಬ್ಬರಾಗಿರಲಿಲ್ಲ.

1606ರಲ್ಲಿ ಅರ್ಜುನರು ಮೊಗಲರ ಸೆರೆಯಲ್ಲಿ ಪ್ರಾಣತೆತ್ತ ಮೇಲೆ ಈ ಭಾವನೆಗೆ ಮತ್ತೊಂದು ಮುಖ ಬಂದಿತು. ಆರನೆಯ ಗುರು ಹರಗೋವಿಂದರು ಐಹಿಕದ ಖಡ್ಗವನ್ನೂ ಪಾರಮಾರ್ಥಿಕದ ಖಡ್ಗವನ್ನೂ ಧರಿಸಿದರು; 1675ರಲ್ಲಿ ಒಂಬತ್ತನೆಯ ಗುರು ತೇಗಬಹಾದ್ದೂರರ ಶಿರಚ್ಛೇದವಾಯಿತು; 1699ರ ವೈಶಾಖಿಯಂದು ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದಸಿಂಹರು ದೀಕ್ಷಿತ ಸಿಖ್ಖರ ಸಮುದಾಯವಾದ ಖಾಲ್ಸಾವನ್ನು ಸ್ಥಾಪಿಸಿದರು. ತಲೆಯನ್ನು ಕೊಡಲು ಮುಂದೆ ಬಂದ ಐವರು ಪ್ರಿಯರಲ್ಲಿ ಒಬ್ಬನು ಬೀದರದ ಕ್ಷೌರಿಕ ಸಾಹಿಬಚಂದನೆಂದು ಪರಂಪರೆಯು ಸ್ಮರಿಸುತ್ತದೆ. ಕ್ಷೌರಿಕ ಶರಣ ಹಡಪದ ಅಪ್ಪಣ್ಣನ ನೆಲವು ಇನ್ನೊಂದು ಧರ್ಮಕ್ಕೂ ಅಂತಹವನನ್ನೇ ಕೊಟ್ಟಿತೆಂಬುದು ನನಗೆ ಸಂತೋಷವನ್ನು ಕೊಡುವ ಸಂಗತಿ. ಐವರಿಗೆ ದೀಕ್ಷೆಯಿತ್ತ ಗುರುವು ಆ ಐವರಿಂದಲೇ ತಾನೂ ದೀಕ್ಷೆ ಪಡೆದನು. 1708ರಲ್ಲಿ ನಾಂದೇಡದಲ್ಲಿ ಕಾಲವಾಗುವ ಮುನ್ನ ಗೋವಿಂದಸಿಂಹರು ಇನ್ನು ಮನುಷ್ಯಗುರುವಿಲ್ಲವೆಂದು ನಿಶ್ಚಯಿಸಿ ಗುರುಪದವಿಯನ್ನು ಗ್ರಂಥಕ್ಕೇ ವಹಿಸಿದರು. ನಾನಕರ ನಿರಾಕಾರನು ಇಂತು ಶಬ್ದದಲ್ಲಿಯೂ ಸಮುದಾಯದಲ್ಲಿಯೂ ಸಾನ್ನಿಧ್ಯವನ್ನು ಪಡೆದನು. ಅವನ ಸ್ವರೂಪವು ಮಾತ್ರ ಬದಲಾಗಲಿಲ್ಲ.

ಆಧುನಿಕ ವಿದ್ವತ್ತು ಈ ಕಥೆಯನ್ನು ಕೈಗೆತ್ತಿಕೊಂಡುದು ತಡವಾಗಿ, ಅದೂ ಜಗಳದಿಂದ. ಜರ್ಮನ್ ಪಂಡಿತ ಟ್ರಂಪ್ 1877ರಲ್ಲಿ ಗ್ರಂಥದ ಭಾಗವೊಂದನ್ನು ಇಂಗ್ಲಿಷಿಗೆ ತಂದು, ಅದರ ತತ್ತ್ವವನ್ನು ಹೀನವಾಗಿ ಎಣಿಸಿ ಸಿಖ್ಖರನ್ನು ನೋಯಿಸಿದನು. ಅವನ ತಪ್ಪನ್ನು ತಿದ್ದುವ ಹಂಬಲದಿಂದ ಬ್ರಿಟಿಷ್ ಸರ್ಕಾರದ ಅಧಿಕಾರಿ ಮೆಕಾಲಿಫ್ ತನ್ನ ಹುದ್ದೆಯನ್ನು ತೊರೆದು ಶ್ರಮಿಸಿ 1909ರಲ್ಲಿ ಆರು ಸಂಪುಟಗಳನ್ನು ಪ್ರಕಟಿಸಿದನು. ಇತ್ತ ಸಿಖ್ಖರೊಳಗೇ, 1873ರಲ್ಲಿ ಅಮೃತಸರದಲ್ಲಿ ಆರಂಭವಾದ ಸಿಂಗ್ ಸಭಾ ಆಂದೋಲನವು ಮತದ ಎಲ್ಲೆಗಳನ್ನು ಸ್ಪಷ್ಟವಾಗಿ ಗುರುತಿಸಹೊರಟಿತು. 1905ರಲ್ಲಿ ಸ್ವರ್ಣಮಂದಿರದ ಆವರಣದಿಂದ ವಿಗ್ರಹಗಳನ್ನು ತೆಗೆಯಲಾಯಿತು. 1945ರ ಆಚಾರಸಂಹಿತೆಯು ಏಕೇಶ್ವರನಲ್ಲಿಯೂ ಹತ್ತು ಗುರುಗಳಲ್ಲಿಯೂ ಗ್ರಂಥದಲ್ಲಿಯೂ ನಿಷ್ಠೆಯುಳ್ಳವನೇ ಸಿಖ್ಖನೆಂದು ಲಕ್ಷಣ ಹೇಳಿತು. 1968ರಲ್ಲಿ ಮೆಕ್ಲಿಯಡ್ ಎಂಬ ನ್ಯೂಜಿಲೆಂಡಿನ ವಿದ್ವಾಂಸನು ನಾನಕರ ಸಾಂಪ್ರದಾಯಿಕ ಜೀವನಚರಿತ್ರೆಗಳಾದ ಜನ್ಮಸಾಖಿಗಳ ಕಥೆಗಳಲ್ಲಿ ಬಹುಪಾಲನ್ನು ಇತಿಹಾಸವೆಂದು ಒಪ್ಪದೆ ಕೋಲಾಹಲವನ್ನೆಬ್ಬಿಸಿದನು. ಹಿಂದೂ–ಇಸ್ಲಾಂ ಮಿಶ್ರಣವೆಂಬ ವಾದವನ್ನು ತಳ್ಳಿಹಾಕಿ, ನಾನಕರನ್ನು ನಿರ್ಗುಣೋಪಾಸಕ ಸಂತರ ಸಾಲಿನಲ್ಲಿ ನಿಲ್ಲಿಸಿದವನೂ ಅವನೇ. ಆ ಸಾಲಿನಲ್ಲಿ ನಿಲ್ಲಿಸಿದುದೂ ಅನೇಕ ಸಿಖ್ ವಿದ್ವಾಂಸರಿಗೆ ಹಿಡಿಸಲಿಲ್ಲ. ತಮ್ಮ ಗುರುವಿನ ಅನುಭವವು ಸ್ವತಂತ್ರವೆಂಬುದು ಅವರ ಪಕ್ಷ.

ಈ ಚರ್ಚೆಯ ಜೀವಂತವಾದ ತೊಡಕನ್ನು ನೋಡಬೇಕಾದವರು ಬೀದರಕ್ಕೇ ಹೋಗಬೇಕು. ಗ್ರಂಥವನ್ನು ಮೇಲ್ಕಟ್ಟಿನ ಕೆಳಗಿಟ್ಟು, ಚಾಮರ ಬೀಸಿ, ರಾತ್ರಿ ಉಪಚಾರದೊಡನೆ ಶಯನಕ್ಕೆ ಒಯ್ಯುವುದನ್ನು ಕಂಡವನು ಇದು ವಿಗ್ರಹಾರಾಧನೆಯ ಇನ್ನೊಂದು ಬಗೆಯೇ ಎಂದು ಕೇಳಬಹುದು. ಉಪಚಾರವು ಕಾಗದಕ್ಕಲ್ಲ, ಅದರಲ್ಲಿ ಮಾತನಾಡುವ ಗುರುವಿಗೆ ಎಂಬುದು ಸಿಖ್ಖರ ಉತ್ತರ, ಅದು ಸಂಗತವಾದ ಉತ್ತರವೇ. ಬುಗ್ಗೆಯ ನೀರಿನ ವಿಷಯವು ಅಷ್ಟು ಸುಲಭವಲ್ಲ. ತೀರ್ಥಸ್ನಾನದಿಂದ ಮನಸ್ಸಿನ ಮಲ ಹೋಗದೆಂದು ಬೋಧಿಸಿದ ನಾನಕರ ಹೆಸರಿನ ಆ ನೀರನ್ನು ಯಾತ್ರಿಕರು ಪವಿತ್ರವೆಂದು ಸ್ವೀಕರಿಸುತ್ತಾರೆ; ಸಿದ್ಧಾಂತವನ್ನು ಬಲ್ಲವರು ಇದನ್ನು ಜನರ ಪ್ರೀತಿಯೆಂದು ಸಹಿಸುತ್ತಾರೆ, ಕೆಲವರು ಆಕ್ಷೇಪಿಸುತ್ತಾರೆ, ಲಂಗರಿನಲ್ಲಿ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ.