ಯಶಸ್ವಿನಿ: ಅರವತ್ತು ರೂಪಾಯಿಯ ವಿಮೆ

ಜ್ಞಾನಭಾರತಿಯ ನಮ್ಮ ಮನೆಗೆ ಬರುವ ಹಿರಿಯ ಬಂಧುಗಳು ಆರೋಗ್ಯವಿಮೆಯ ಮಾತು ಬಂದೊಡನೆ ಕಂತು ಎಷ್ಟೆಂದು ಮಾತ್ರ ಕೇಳುತ್ತಾರೆ. ಆಗ ನಾನು ಯಶಸ್ವಿನಿಯ ಇತಿಹಾಸ ಹೇಳುತ್ತೇನೆ.

ಡಾ. ದೇವಿ ಶೆಟ್ಟಿಯವರ ಪರಿಕಲ್ಪನೆಯ ಈ ಯೋಜನೆ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಗ್ರಾಮೀಣ ಸಹಕಾರ ಸಂಘಗಳ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಹೃದಯದ ಶಸ್ತ್ರಚಿಕಿತ್ಸೆಯೂ ದೊರೆಯುತ್ತಿತ್ತು. ರೈತನಿಗೆ ಅದು ಸಣ್ಣ ಮಾತಲ್ಲ! ಆದರೆ ಸಾಮಾನ್ಯ ಜ್ವರಕ್ಕೆ ಹಣವಿರಲಿಲ್ಲ. ವಯಸ್ಸು 75 ದಾಟಿದವರಿಗೆ ಪ್ರವೇಶವೇ ಇರಲಿಲ್ಲ. ಆಸರೆ ಹೆಚ್ಚು ಬೇಕಾದ ವಯಸ್ಸಿನಲ್ಲೇ ಬಾಗಿಲು ಮುಚ್ಚುತ್ತಿತ್ತು. ಪ್ರತಿವರ್ಷ ಗಡುವಿನೊಳಗೆ ನೋಂದಣಿಯೂ ಆಗಬೇಕಿತ್ತು.

2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. 2022ರಲ್ಲಿ ನೋಂದಣಿ ಮರಳಿ ಆರಂಭವಾಯಿತು. ಶಿಷ್ಯರೇ, ಯಾವುದೇ ವಿಮೆಯ ಅರ್ಜಿ ತುಂಬುವಾಗ ಮನೆಯ ಹಿರಿಯರೊಡನೆ ಕುಳಿತು, ಕಂತಿಗಿಂತ ಮೊದಲು ವಯೋಮಿತಿಯ ಸಾಲನ್ನು ಓದಿ ಹೇಳಿರಿ.